ದಾಟಿ ಅಂದರೆ ಧಾಟಿ ಹಿಡಿದ ಸಾಹುಕಾರರು

ರೋಗ ಗುರುತಿಸುವುದು ದೊಡ್ಡ ಮಾತಲ್ಲ. ಗುರುತಿಸಿದ್ದನ್ನು ರೋಗಿಗೂ ಅವನ ಮನೆಯವರಿಗೂ ತಿಳಿಯುವಂತೆ ಹೇಳುವುದಿದೆಯಲ್ಲ, ಅಲ್ಲಿ ಡಾಕ್ಟರನ ಬೆವರು ಇಳಿಯುತ್ತದೆ. ಅದರಲ್ಲೂ ನಮ್ಮ ಸೊಲ್ಲಾಪುರದಲ್ಲಿ. ಇಲ್ಲಿ ಮಾತು ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಮುಟ್ಟುತ್ತದೆ. ನಾನು ಹೇಳಿದ್ದು ಒಂದು, ಅವರು ತಿಳಿದದ್ದು ಇನ್ನೊಂದು, ಗುಣ ಕಂಡದ್ದು ಮೂರನೆಯದರಿಂದ. ನನ್ನ ದವಾಖಾನೆ ಇದ್ದಷ್ಟು ಕಾಲವೂ ಇದು ನಡೆದೇ ಇತ್ತು.

ಕಂಪವಾತದ ವಿಷಯದಲ್ಲಂತೂ ಕೇಳಲೇಬೇಡಿ. ಕೈ ನಡುಗುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಈ ರೋಗ ಕಾಲಿಗೂ ಇಳಿಯುತ್ತದೆಂದು ಆಗ ಜನಕ್ಕೆ ತಿಳಿಯದು. ಹೆಜ್ಜೆ ಸಣ್ಣದಾಗುತ್ತದೆ. ಬಾಗಿಲು ಬಂತೆಂದರೆ ಪಾದ ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಹೇಗೋ ಹೊರಟರೆ ಮುಂದೆ ಓಟವಾಗುತ್ತದೆ. ಕಾಲಿನಲ್ಲಿ ಶಕ್ತಿ ಇರುತ್ತದೆ, ‘ಹೊರಡು’ ಎಂಬ ಅಪ್ಪಣೆ ಮಾತ್ರ ತಲೆಯಿಂದ ಕಾಲಿನವರೆಗೆ ಬರುವುದಿಲ್ಲ. ಆ ಕಾಲದಲ್ಲಿ ಇದಕ್ಕೆ ಔಷಧವೆಂದರೆ ಬಾಯಿ ಒಣಗಿಸುವ ನಾಲ್ಕು ಹನಿ ಅಷ್ಟೇ. ಉಳಿದದ್ದನ್ನು ಕಲಿಸಿಯೇ ಗುಣ ಮಾಡಬೇಕು. ನಾನೂ ಹುರುಪಿನ ವಯಸ್ಸಿನವನು, ಕಲಿಸಲು ಹೊರಟೆ.

೧. ಚಾಲ್

ನಮ್ಮ ಪೇಟೆಯಲ್ಲಿ ಕಾಳುಕಡಿಯ ಸಾಹುಕಾರರೊಬ್ಬರಿದ್ದರು. ಒಳ್ಳೆಯ ಮನುಷ್ಯ. ಹುಡುಗನಾಗಿದ್ದಾಗ ಬೇರೆಯವರ ಅಂಗಡಿಯಲ್ಲಿ ಕಾಳು ಅಳೆಯುತ್ತಿದ್ದು, ಮುಂದೆ ಮನೆಯ ಮುಂಭಾಗದಲ್ಲೇ ಸ್ವಂತ ಅಂಗಡಿ ಇಟ್ಟವರು. ಕಂಪವಾತ ಹಿಡಿದು ಎರಡು-ಮೂರು ವರ್ಷವಾಗಿತ್ತು. ಮನೆಯವರು ಕೈ ನಡುಕಕ್ಕೆ ಹೊಂದಿಕೊಂಡಿದ್ದರು. ನನ್ನನ್ನು ಕರೆಸಿದ್ದು ಬೇರೆ ಸಂಕಟಕ್ಕೆ.

ಅವರ ಕಿರಿಯ ಮಗಳಿಗೆ ದುಧನಿಯಿಂದ ಸಂಬಂಧ ಬಂದಿತ್ತು. ಹೆಣ್ಣು ಕೊಡುವ ಮೊದಲು ಅಪ್ಪನಾದವನು ತಾನೇ ಹೋಗಿ ಗಂಡಿನ ಮನೆ ನೋಡಬೇಕು, ಅದು ನಮ್ಮ ಕಡೆಯ ಪದ್ಧತಿ. ಸಾಹುಕಾರರು ಹೋದರು. ಹೊಸ್ತಿಲ ಮುಂದೆ ಕಾಲು ಅಂಟಿತು. ಒಳಗಿನವರು "ಬರ್ರಿ, ಬರ್ರಿ" ಎಂದಷ್ಟೂ ಇನ್ನಷ್ಟು ಅಂಟಿತು. ಬೆವರಿ ಬಸಿದು ಕೊನೆಗೆ ಬಂದ ಗಾಡಿಯಲ್ಲೇ ತಿರುಗಿ ಬಂದರು. ದುಧನಿಯವರು "ಹೊಸ್ತಿಲ ಸುದ್ದಾ ದಾಟಲಿಲ್ಲ, ನಮ್ಮ ಮನಿ ಅಷ್ಟು ಹೀನ ಆತೇನು?" ಎಂದು ಸಿಟ್ಟಾಗಿ ಸಂಬಂಧ ಮುರಿದರು. ಊರಲ್ಲಿ ಕೆಲವರು ಸಾಹುಕಾರರು ಕುಡಿದಿದ್ದರು ಎಂದರು, ಕೆಲವರು ಮಾಟ ಎಂದರು. ಈಗ ಅಕ್ಕಲಕೋಟೆಯಿಂದ ಇನ್ನೊಂದು ಸಂಬಂಧದ ಮಾತು ಬಂದಿತ್ತು. ಅಲ್ಲಿಯೂ ಹೊಸ್ತಿಲು ಇರುತ್ತದಲ್ಲ! ಮನೆಯಲ್ಲಿ ಎಲ್ಲರ ಎದೆಯಲ್ಲಿ ಅದೊಂದೇ ಕುಟ್ಟುತ್ತಿತ್ತು.

ನಾನು ಧೈರ್ಯಕ್ಕೆಂದು ಆಸ್ಪತ್ರೆಯ ಹಿರಿಯ ಡಾಕ್ಟರರನ್ನೂ ಕರೆದುಕೊಂಡು ಹೋದೆ. ಅಪ್ಪಟ ಮರಾಠಿಯವರು. ರೋಗದ ಹೆಸರು ಹೇಳುವಾಗ ನಾನು, "ಇದನ್ನ ಮೊದಲ ಬರದಿಟ್ಟಾಂವ ಪಾರ್ಕಿನ್ಸನ್ ಅಂತ ಒಬ್ಬ ವಿಲಾಯತಿ ಡಾಕ್ಟರ್ ಇದ್ದನ್ರಿ. ಅವನ ಹೆಸರ ಇದಕ್ಕ" ಎಂದೆ. ಸ್ವದೇಶಿ ವ್ರತ ಹಿಡಿದಿದ್ದ ಸಾಹುಕಾರರ ಹೆಂಡತಿಗೆ ಕಣ್ಣಲ್ಲಿ ನೀರೇ ಬಂತು.

"ವಿಲಾಯತಿ ಅರಿವಿ ಬಿಟ್ಟಿವಿ, ವಿಲಾಯತಿ ಸಕ್ರಿ ಬಿಟ್ಟಿವಿ. ಈ ವಿಲಾಯತಿ ರೋಗ ಯಾವ ಬಾಗಲದಿಂದ ಬಂತ್ರಿ ಡಾಕ್ಟರ್?"

ಅಷ್ಟರಲ್ಲಿ ಹಿರಿಯ ಡಾಕ್ಟರರು ಕನ್ನಡಕ ಏರಿಸಿ ಆಕೆಯನ್ನು ಕೇಳಿದರು: "ಹ್ಯಾಂಚೀ ಚಾಲ್ ಕಶೀ ಆಹೆ?" ಮರಾಠಿಯಲ್ಲಿ ಚಾಲ್ ಎಂದರೆ ನಡಿಗೆ. ಇವರ ನಡಿಗೆ ಹೇಗಿದೆ ಎಂದು ಕೇಳಿದರು ಪಾಪ. ಆಕೆಗೆ ಕೇಳಿಸಿದ್ದು ಚಾಳಿ. ಕೆಂಡವಾದಳು.

"ಚಾಳಿ? ನಮ್ಮ ಮನ್ಯಾವರಿಗೆ ಅಡಿಕಿ ಹೋಳಿನ ಚಾಳಿ ಸುದ್ದಾ ಇಲ್ರಿ! ಊರ ಮಂದಿ ಅಂದದ್ದ ಸಾಲಲಿಲ್ಲಂತ ನೀವೂ ಹಿಂಗ ಅಂತೀರೇನು?"

ಗಾದಿಯ ಮೇಲಿದ್ದ ಸಾಹುಕಾರರು ಏನೋ ಹೇಳಲು ತುಟಿ ಆಡಿಸಿದರು. ಈ ರೋಗದಲ್ಲಿ ದನಿ ಬಹಳ ಸಣ್ಣದಾಗುತ್ತದೆ. ಅವರ ಮಾತು ಕೇಳಲೆಂದು ಮನೆಗೆ ಮನೆಯೇ ಉಸಿರು ಬಿಗಿಹಿಡಿದು ಸುಮ್ಮನಾಯಿತು. ಅವರು ನನ್ನ ಕಡೆ ಬಾಗಿ ಗುಟ್ಟಾಗಿ ಹೇಳಿದರು:

"ನಶ್ಯಾದ ಡಬ್ಬಿ ಒಂದ ಗಾದಿ ಬುಡಕ ಅದರಿ. ಆಕಿಗೆ ಹೇಳಬ್ಯಾಡ್ರಿ."

೨. ನನಗೇ ರೋಗ ಬಂದದ್ದು

ಹಿರಿಯ ಡಾಕ್ಟರರು ಅಂದು ಹೋಗುವಾಗ ತಮ್ಮ ಮರಾಠಿಯಲ್ಲಿ ಹೇಳಿ ಹೋದದ್ದು ಇಷ್ಟು: "ನಿಂತರೆ ಹಿಂದಿನಿಂದ ಸ್ವಲ್ಪ ನೂಕಿ." ಇಂಥ ರೋಗಿಯನ್ನು ಹಿಂದಿನಿಂದ ನೂಕಿದರೆ ಮುಗ್ಗರಿಸಿ ಬೀಳುವುದೇ ಸರಿ. ಎಷ್ಟೋ ಜನ ಹಾಗೆ ಸೊಂಟ ಮುರಿದುಕೊಂಡದ್ದನ್ನು ನಾನು ನೋಡಿದ್ದೆ. ಆದರೆ ಹಿರಿಯರಿಗೆ ಮುಖದ ಮೇಲೆ ಹೇಳುವುದು ಹೇಗೆ?

ಊರಿನ ಡಾಕ್ಟರುಗಳೆಲ್ಲ ಆಗಾಗ ಸಂಜೆ ಒಂದೆಡೆ ಸೇರಿ ಚಹಾ ಕುಡಿದು, ಒಬ್ಬರಿಗೊಬ್ಬರು ಭಾಷಣ ಮಾಡುವ ರೂಢಿಯಿತ್ತು. ಈ ಸಲ ನಾನು ಮಾತಾಡುತ್ತೇನೆ ಎಂದೆ. ಬರೀ ಮಾತಾಡಿದರೆ ಅರ್ಧ ಜನ ತೂಕಡಿಸುತ್ತಾರೆ. ಅದಕ್ಕೆ ಕಂಪವಾತದವರ ನಡಿಗೆಯನ್ನು ನಾನೇ ನಡೆದು ತೋರಿಸಬೇಕೆಂದು ಗಟ್ಟಿ ಮಾಡಿದೆ. ಮನೆಯ ಕಟ್ಟೆಯ ಮೇಲೆ ದಿನಾಲೂ ಬೆಳಿಗ್ಗೆ ರೂಢಿ ಮಾಡಿದೆ. ಬೆನ್ನು ಬಾಗಿಸುವುದು, ಕೈ ಬೀಸದೆ ಮೈಗೆ ಅಂಟಿಸಿಕೊಳ್ಳುವುದು, ತುರು ತುರು ಸಣ್ಣ ಹೆಜ್ಜೆ, ಬಾಗಿಲಿಗೆ ಬಂದು ಗಕ್ಕನೆ ನಿಲ್ಲುವುದು. ಚೆನ್ನಾಗಿಯೇ ಬಂತು. ನನ್ನೊಳಗೊಬ್ಬ ನಾಟಕದವನಿದ್ದಾನೆಂದು ಹೆಮ್ಮೆಯೂ ಆಯಿತು.

ಸಭೆಯಲ್ಲಿ ನಡೆದು ತೋರಿಸಿದೆ. ಎಲ್ಲರೂ ಕಣ್ಣರಳಿಸಿದರು. ಬಾಗಿಲಲ್ಲಿ ಅಂಟಿ ನಿಂತು, "ಈಗ ಹಿಂದಿನಿಂದ ನೂಕಿದರೆ ಏನಾಗುತ್ತದೆ ನೋಡೋಣ" ಎಂದೆ. ಹಿರಿಯ ಡಾಕ್ಟರರೇ ಎದ್ದು ಬಂದು ನೂಕಿದರು. ವಯಸ್ಸಾಗಿದ್ದರೂ ಕೈ ಬಲವಾಗಿತ್ತು. ನಾನು ಚಹಾದ ಜೊತೆಗೆಂದು ಅವಲಕ್ಕಿ ಚೂಡಾ ಇಟ್ಟಿದ್ದ ಅಗಲ ಪರಾತದ ಮೇಲೆ ಹೋಗಿ ಬಿದ್ದೆ. ಕೂದಲಿನಿಂದ ಶೇಂಗಾ ತೆಗೆಯುತ್ತಲೇ, "ಅದಕ್ಕೇ ನೂಕಬಾರದು" ಎಂದು ಭಾಷಣ ಮುಗಿಸಿದೆ. ಇದಕ್ಕಿಂತ ಚೆನ್ನಾಗಿ ಆ ಮಾತನ್ನು ಯಾರೂ ಹೇಳಲಾರರು.

ಮರುದಿನ ಮನೆಯ ಮುಂದೆ ಜನ. ಕಟ್ಟೆಯ ಮೇಲೆ ನಾನು ನಡೆದದ್ದನ್ನು ಓಣಿಯೆಲ್ಲ ನೋಡಿತ್ತು. ಎದುರು ಮನೆಯ ಅಜ್ಜಿ ನನ್ನ ಹೆಂಡತಿಯನ್ನು ತಬ್ಬಿಕೊಂಡು, "ಧೈರ್ಯ ಬಿಡಬ್ಯಾಡವಾ, ಸಣ್ಣ ವಯಸ್ಸು" ಎಂದು ಅತ್ತಳು. ಪಕ್ಕದ ಓಣಿಯ ವೈದ್ಯರು, ಎಂದೂ ನನ್ನ ಮುಖ ನೋಡದವರು, ಒಂದು ಸೀಸೆ ತೈಲ ಪುಕ್ಕಟೆ ಕಳಿಸಿದರು. ನನ್ನ ಹೆಂಡತಿ ಎಲ್ಲರಿಗೂ ಚಹಾ ಮಾಡಿ ಮಾಡಿ ಸುಸ್ತಾದಳು. ಕೊನೆಗೆ ಟಾಂಗಾದಿಂದ ಹಿರಿಯ ಡಾಕ್ಟರರೇ ಇಳಿದರು. ನನಗೆ ಸಮಾಧಾನವಾಯಿತು, ಇವರಾದರೂ ಜನಕ್ಕೆ ನಿಜ ಹೇಳುತ್ತಾರೆ ಎಂದುಕೊಂಡೆ. ಅವರು ನನ್ನ ಪಕ್ಕ ಕೂತು, ನಾಡಿ ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದರು:

"ನಿನ್ನೆ ನೂಕಿದ್ದು ತಪ್ಪಾಯಿತಪ್ಪ. ಕಾಯಿಲೆ ಇರುವ ಸಂಗತಿ ಮೊದಲೇ ಹೇಳಬಾರದೇ?"

ಅಂದಿನಿಂದ ಅವರು ಯಾರಿಗೂ ನೂಕಿರೆಂದು ಹೇಳಲಿಲ್ಲ. ನನ್ನನ್ನು ಕಂಡಾಗಲೆಲ್ಲ ಮಾತ್ರ ಬಾಗಿಲು ತೆಗೆದು ಹಿಡಿಯುತ್ತಿದ್ದರು.

೩. ಮೈಂದರ್ಗಿಯ ಮೌನವ್ರತ

ಮೈಂದರ್ಗಿಯಿಂದ ಒಬ್ಬ ದೊಡ್ಡ ಒಕ್ಕಲುತನದ ಗೌಡರು ಹೆಂಡತಿಯೊಡನೆ ಬಂದರು. ಅವರಿಗೂ ಇದೇ ರೋಗ. ನಡೆಯುವಾಗ ಬೇರೆ ಕಡೆ ಮನಸ್ಸು ಹೋಯಿತೆಂದರೆ ಕಾಲು ನಿಲ್ಲುತ್ತಿತ್ತು, ಬೀಳುತ್ತಿದ್ದರು. ಗೌಡತಿ ಅದನ್ನೆಲ್ಲ ಹೇಳಿದಳು. ಅದರ ಹಿಂದಿನದನ್ನೂ ಹೇಳಿದಳು, ಬಾವಿ ತೋಡಿಸಿದ್ದು, ಎಮ್ಮೆ ಈದದ್ದು, ಸೊಸೆಯ ತವರಿನವರು ಕೊಟ್ಟ ಸೀರೆಯ ಅಂಚು. ಗೌಡರು ಪ್ರತಿ ಮಾತಿಗೂ ತಲೆ ಆಡಿಸುತ್ತಿದ್ದರು. ರೋಗದಿಂದಲೋ ರೂಢಿಯಿಂದಲೋ ನನಗೆ ತಿಳಿಯಲಿಲ್ಲ.

ನಾನು ಹೇಳಿದೆ: "ಗೌಡ್ತೇರ, ಒಂದ ಮಾತು ನೆನಪಿಡ್ರಿ. ಗೌಡರು ನಡಿಯೂ ಮುಂದ ಅವರನ್ನ ಮಾತಾಡಸಬ್ಯಾಡ್ರಿ. ಹೆಜ್ಜಿ ಮ್ಯಾಲ ಅವರ ಲಕ್ಷ್ಯ ಇರಬೇಕು. ಕುಂತಾಗ ಬೇಕಾದಷ್ಟು ಮಾತಾಡ್ರಿ."

"ನಡಿಯೂ ಮುಂದ ಒಂದೂ ಮಾತು ಆಡಬಾರದ್ರಿ?"

"ಒಂದೂ ಆಡಬಾರದು."

ಆಕೆ ಗಂಡನ ಮೇಲೆ ಪ್ರಾಣ ಇಟ್ಟವಳು. ದೇವರ ಮುಂದೆ ಆಣೆ ಮಾಡಿದವಳಂತೆ ಕೆನ್ನೆ ಬಡಿದುಕೊಂಡು ಹೋದಳು.

ಸುಗ್ಗಿ ಮುಗಿದ ಮೇಲೆ ಮತ್ತೆ ಬಂದರು. ಗೌಡರನ್ನು ನೋಡಿ ನಾನು ದಂಗಾದೆ. ಬೆನ್ನು ನೆಟ್ಟಗಾಗಿತ್ತು, ಹೆಜ್ಜೆ ದೊಡ್ಡದಾಗಿತ್ತು, ಮುಖ ಬಿಸಿಲಿಗೆ ಕಂದಿ ಆರೋಗ್ಯವಾಗಿ ಕಾಣುತ್ತಿತ್ತು. ಸಂತೋಷದಿಂದ ನನ್ನ ಎದೆ ತುಂಬಿತು. ತಕ್ಕ ಔಷಧವಿಲ್ಲದ ರೋಗದಲ್ಲಿ ಇಷ್ಟು ಗುಣ ಕಾಣುವುದು ದೊಡ್ಡ ಭಾಗ್ಯ. ಗೌಡತಿ ಔಷಧ ಕಟ್ಟಿಸಿಕೊಳ್ಳಲು ಹೊರಗೆ ಹೋದಾಗ ಕೇಳಿದೆ: "ಗೌಡ್ರ, ಏನ ಮಾಡಿದ್ರಿ?"

"ಏನಿಲ್ರಿ, ಬರೇ ನಡದೆ. ಮುಂಜಾನಿ ಎದ್ದು ಹೊಲಕ್ಕ ನಡದೆ, ಹೊಲದಿಂದ ಹಳ್ಳಕ್ಕ ನಡದೆ, ಹಳ್ಳದಿಂದ ಮತ್ತ ಮನಿಗೆ ನಡದೆ."

"ಈ ವಯಸ್ಸಿನ್ಯಾಗ ಅಷ್ಟು ಹುರುಪು ಹೆಂಗ ಬಂತ್ರಿ?"

ಗೌಡರು ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದರು: "ಕುಂತ್ರ ಸುರು ಮಾಡ್ತಾಳ್ರಿ."

೪. ರಂಗೋಲಿ

ಇತ್ತ ಸಾಹುಕಾರರ ಮನೆಯಲ್ಲಿ ನನ್ನ ಪಾಠ ನಡೆದಿತ್ತು. ಈ ರೋಗದ ಒಂದು ವಿಚಿತ್ರ ಹೇಳುತ್ತೇನೆ. ಸಪಾಟಾದ ನೆಲದ ಮೇಲೆ ಅಂಟಿ ನಿಲ್ಲುವ ಮನುಷ್ಯ, ನೆಲದ ಮೇಲೆ ಅಡ್ಡಗೆರೆ ಕಂಡರೆ ಅದನ್ನು ದಾಟಲು ಕಾಲು ಎತ್ತುತ್ತಾನೆ. ಕಣ್ಣಿಗೊಂದು ಗುರಿ ಸಿಕ್ಕರೆ ಕಾಲಿಗೆ ಅಪ್ಪಣೆ ಮುಟ್ಟುತ್ತದೆ. "ಪಡಸಾಲಿಯೊಳಗ ಅಡ್ಡ ಗೆರಿ ಹಾಕ್ರಿ" ಎಂದು ಹೇಳಿ ಬಂದೆ. ಇದ್ದಿಲಿನಿಂದ ಹಾಕುತ್ತಾರೆ ಎಂದುಕೊಂಡಿದ್ದೆ. ಹಾಕಿದವಳು ಆ ಕಿರಿಯ ಮಗಳು. ಆಕೆ ರಂಗೋಲಿಯಲ್ಲೇ ಹಾಕಿದಳು, ಅದೂ ಪ್ರತಿ ಗೆರೆಯ ಎರಡೂ ತುದಿಗೆ ಒಂದೊಂದು ಕಮಲ ಬಿಡಿಸಿ.

ಸಾಹುಕಾರರಿಗೆ ರಂಗೋಲಿ ಎಂದರೆ ಲಕ್ಷ್ಮಿ. ಜೀವಮಾನದಲ್ಲಿ ತುಳಿದವರಲ್ಲ. ಕಾಲು ತಾನಾಗಿ ಎತ್ತರಕ್ಕೆ ಎದ್ದಿತು, ಗೆರೆ ದಾಟಿ ಇಳಿಯಿತು, ಮುಂದಿನ ಗೆರೆಗೆ ಮತ್ತೆ ಎದ್ದಿತು. ಪಡಸಾಲೆಯ ಈ ತುದಿಯಿಂದ ಆ ತುದಿಗೆ ಯಾರ ಕೈಯೂ ಹಿಡಿಯದೆ ಹೋಗಿ ಗೋಡೆ ಮುಟ್ಟಿದರು. ಇದ್ದಿಲಿನ ಗೆರೆಯಾಗಿದ್ದರೆ ತುಳಿದು ನಿಲ್ಲುತ್ತಿದ್ದರೇನೋ. ಆ ಹುಡುಗಿ ಬಾಗಿಲ ಮರೆಯಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ತೊಡಕು ಬಂದದ್ದು ಉಳಿದವರಿಗೆ. ರಂಗೋಲಿ ತುಳಿದರೆ ಪಾಪ ಎನ್ನುವುದು ಸಾಹುಕಾರರಿಗೆ ಮಾತ್ರವೇ? ಮನೆಯವರೆಲ್ಲ ಜಿಗಿದು ಜಿಗಿದು ಓಡಾಡತೊಡಗಿದರು. ನೀರಿನ ಕೊಡ ಹೊತ್ತ ಸೊಸೆ ಜಿಗಿದಳು, ಅಂಗಡಿಯ ಗುಮಾಸ್ತ ಧೋತರ ಎತ್ತಿ ಹಿಡಿದು ಜಿಗಿದ, ಬಂದ ಗಿರಾಕಿ ಜಿಗಿದ, ನಾನೂ ಕೈಚೀಲ ಹಿಡಿದು ಜಿಗಿದೆ. ಒಂದು ದಿನ ಊರಿಗೆ ಹೊಸಬರಾದ ಇನ್ಶುರನ್ಸ್ ಏಜೆಂಟರೊಬ್ಬರು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು. ಒಳಗೆ ಬರಲೇ ಇಲ್ಲ. ಸಾಹುಕಾರರತ್ತ ಬೆರಳು ಮಾಡಿ ಗುಮಾಸ್ತನನ್ನು ಕೇಳಿದರಂತೆ:

"ಆ ಅಜ್ಜಾರೊಬ್ಬರು ಆರಾಮ ಕಾಣಸ್ತಾರ. ಉಳದವರಿಗೆಲ್ಲಾ ಏನಾಗೇದರಿ?"

೫. ದಾಟಿ

ರಂಗೋಲಿಯಿಂದ ಮನೆಯಲ್ಲಿ ನಡೆದರು, ಸರಿ. ಆದರೆ ಅಕ್ಕಲಕೋಟೆಯ ಬೀಗರ ಮನೆಯ ಹೊಸ್ತಿಲಿಗೆ ಮುಂಚಿತವಾಗಿ ಹೋಗಿ ರಂಗೋಲಿ ಹಾಕುವವರು ಯಾರು? ಅದಕ್ಕೆ ನಾನು ಇನ್ನೊಂದು ಉಪಾಯ ತೆಗೆದೆ. ಕೈಯಲ್ಲಿರುವ ಕೋಲನ್ನೇ ಹೊಸ್ತಿಲ ಮುಂದೆ ಅಡ್ಡ ಇಟ್ಟು, ಅದನ್ನು ದಾಟುವುದು. ಅಂಗಡಿಯ ಬಾಗಿಲಲ್ಲೇ ಕಲಿಸತೊಡಗಿದೆ. ಸಾಹುಕಾರರು ಹೊರಗೆ ಅಂಟಿ ನಿಂತಿದ್ದರು. ನಾನು ಒಳಗಿನಿಂದ, ಪೇಟೆಯ ಗದ್ದಲದಲ್ಲಿ ಕೇಳಲಿ ಎಂದು ಕೂಗಿದೆ:

"ದಾಟಿ ಬರ್ರಿ, ಸಾಹುಕಾರ್ರ! ದಾಟಿ!"

ಅವರು ಮುಖ ಎತ್ತಿದರು. "ಯಾವ ಧಾಟೀರಿ?"

"ದಾಟಿ ರೀ, ದಾಟಿ!"

"ನನಗ ಹಾಡು-ಗೀಡು ಬರೂದಿಲ್ರಿ ಡಾಕ್ಟರ್. ಕಾಳ ಅಳಿಯೂ ಧಾಟಿ ಒಂದ ಬರ್ತದ. ನಡೀತದೇನು?"

ನಾನು ಬಾಯಿ ತೆರೆಯುವುದರೊಳಗೆ ಅವರು ಸುರು ಮಾಡಿದರು: "ಲಾಭಾ… ಎರಡಾ… ಮೂರಾ…"

ನಮ್ಮಲ್ಲಿ ಕಾಳು ಅಳೆಯುವವರು ಮೊದಲನೆಯ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಮುಂದಿನ ಲೆಕ್ಕವೂ ಎಳೆದೆಳೆದು ರಾಗವಾಗಿ ಬರುತ್ತದೆ. ಒಂದೊಂದು ರಾಗಕ್ಕೆ ಒಂದೊಂದು ಸೇರು. ಸಾಹುಕಾರರ ದನಿ ಸಣ್ಣದೇ, ಆದರೆ ಆ ಧಾಟಿ ಹುಡುಗತನದಿಂದ ಮೈಯಲ್ಲಿ ಇಳಿದದ್ದು. ‘ಲಾಭಾ’ ಎಂದಕೂಡಲೆ ಬಲಗಾಲು ಎದ್ದು ಹೊಸ್ತಿಲು ದಾಟಿತು. ‘ಎರಡಾ’ ಅಂದರು, ಎಡಗಾಲು ಒಳಗೆ ಬಂತು. ಅಡ್ಡ ಇಡಬೇಕಾಗಿದ್ದ ಕೋಲು ಇನ್ನೂ ಮೂಲೆಯಲ್ಲಿ ಒರಗಿಕೊಂಡೇ ಇತ್ತು.

ಅವರ ಹೆಂಡತಿ ನನಗೆ ಕೈ ಮುಗಿದು, "ಎಂಥಾ ಶಾಣ್ಯಾ ಡಾಕ್ಟರ್ ರೀ ನೀವು, ಧಾಟಿ ಹಚ್ಚಿ ನಡಸಿದ್ರಿ" ಎಂದಳು. ನಾನು ಹೇಳಿದ್ದು ಬೇರೆ ಎಂದು ತಿದ್ದಲು ಹೋಗಲಿಲ್ಲ. ಕೈ ಮುಗಿಯುವವರನ್ನು ತಿದ್ದಬಾರದು. ಮತ್ತೆ ಮತ್ತೆ ಮಾಡಿಸಿ ನೋಡಿದೆ, ಪ್ರತಿ ಸಲವೂ ಕಾಲು ಎದ್ದಿತು. ಸಾಹುಕಾರರಂತೂ ಆ ದಿನವೆಲ್ಲ ಹೊಸ್ತಿಲ ಒಳಗೆ-ಹೊರಗೆ ‘ಲಾಭಾ, ಎರಡಾ’ ಎನ್ನುತ್ತ ಓಡಾಡಿದರು. ಸಂಜೆಯ ಹೊತ್ತಿಗೆ ಬಾಗಿಲಲ್ಲಿ ಚೀಲ ಹಿಡಿದು ಹೆಂಗಸರ ಸಾಲು ನಿಂತಿತ್ತು. ಮುಂದಿದ್ದವಳು ರೇಗಿದಳು:

"ಮುಂಜಾನಿಂದ ಅಳ್ಯಾಕತ್ತೀರಿ, ಯಾರಿಗೆ ಅಳ್ಯಾಕತ್ತೀರೋ ಶಿವನ ಬಲ್ಲ. ನಮಗೂ ಒಂದ ಸೇರ ಜ್ವಾಳಾ ಹಾಕ್ರಿ!"

೬. ಮನೆ ನೋಡಿದ್ದು

ಕೊನೆಗೆ ಆ ದಿನ ಬಂತು. ಅಕ್ಕಲಕೋಟೆಯ ಬೀಗರು ಹೊಲಮನೆ ಉಳ್ಳ ಬಿಗಿ ಮನುಷ್ಯರು. ದುಧನಿಯ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ಹುಡುಗಿ ಅಪ್ಪ ನಮ್ಮ ಹೊಸ್ತಿಲ ದಾಟಿದ್ರ ಮುಂದಿನ ಮಾತು. ಇಲ್ಲಂದ್ರ ಟಾಂಗಾ ಅಲ್ಲೇ ತಿರುಗಸ್ರಿ" ಎಂದು ಹೇಳಿ ಕಳಿಸಿದ್ದರು.

ಸಾಹುಕಾರರು, ಅವರ ಹಿರಿಯ ಮಗ, ಪೇಟೆಯ ನಾಲ್ಕು ಹಿರಿಯರು, ಜೊತೆಗೆ ನಾನು, ಇಷ್ಟು ಜನ ಹೊರಟೆವು. ಹೊರಡುವಾಗ ಆ ಹುಡುಗಿ ನನ್ನ ಬಳಿ ಬಂದಳು.

"ಡಾಕ್ಟರ್ ಕಾಕಾ, ಅಪ್ಪ ಅಲ್ಲಿ ನಿಂತ್ರ ಯಾರೂ ಕೈ ಹಿಡದ ಎಳೀಬ್ಯಾಡ್ರಿ, ಬರ್ರಿ ಬರ್ರಿ ಅಂತ ಒದರಬ್ಯಾಡ್ರಿ. ಸಮಾಧಾನಲೆ ‘ಲಾಭಾ’ ಅನ್ರಿ. ನನ್ನ ಲಗ್ನ ಆಗಲಿ, ಬಿಡ್ಲಿ. ಅಪ್ಪ ಮತ್ತೊಮ್ಮೆ ಮಾರಿ ತಗ್ಗಿಸಿ ತಿರುಗಿ ಬರಬಾರದು."

ನಾನು ಕಲಿಸಿದ ಪಾಠವನ್ನು ನನಗೇ ಒಪ್ಪಿಸಿದಳು. ಅಷ್ಟು ಡಾಕ್ಟರುಗಳ ಮುಂದೆ ಚೂಡಾದ ಮೇಲೆ ಬಿದ್ದು ಹೇಳಿದ್ದು ಈ ಹುಡುಗಿಗೆ ಮನೆಯಲ್ಲೇ ತಿಳಿದಿತ್ತು.

ರೈಲಿನಿಂದ ಇಳಿದು, ಟಾಂಗಾದಲ್ಲಿ ಊರು ಸೇರಿ, ಬೀಗರ ಮನೆಯ ಮುಂದೆ ನಿಂತೆವು. ಹೊಸ್ತಿಲು ಮೊಣಕಾಲುದ್ದ ಎನ್ನಬೇಕು, ಅಂಥ ವಾಡೆ. ಬೀಗರು ದೊಡ್ಡ ರುಮಾಲು ಸುತ್ತಿಕೊಂಡು ಒಳಗೆ ಜಮಖಾನದ ಮೇಲೆ ಕೂತು ನೆಟ್ಟ ಕಣ್ಣಿನಿಂದ ನೋಡುತ್ತಿದ್ದರು. ಸಾಹುಕಾರರು ಬಾಗಿಲವರೆಗೆ ಬಂದರು. ಕಾಲು ಅಂಟಿತು. ಒಳಗಿನವರು ಪದ್ಧತಿಯಂತೆ "ಬರ್ರಿ, ಬರ್ರಿ" ಎಂದರು. ಸಾಹುಕಾರರ ಹಣೆಯಲ್ಲಿ ಬೆವರು ಮೂಡಿತು. ತುಟಿ ಅಲುಗಿತು, ಆದರೆ ದನಿ ಹೊರಡಲಿಲ್ಲ. ಬೀಗರ ಹುಬ್ಬು ಮೇಲೇರುತ್ತಿತ್ತು.

"ಲಾಭಾ…" ಎಂದೆ ನಾನು.

ಹಿರಿಯ ಮಗ ದನಿಗೂಡಿಸಿದ. ಪೇಟೆಯ ಹಿರಿಯರೂ ಕಾಳಿನ ವ್ಯಾಪಾರದವರೇ, ಅವರೂ ಎತ್ತಿಕೊಂಡರು. "ಲಾಭಾ… ಎರಡಾ…" ಸಾಹುಕಾರರ ಕಾಲು ಎದ್ದಿತು. ಆ ಎತ್ತರದ ಹೊಸ್ತಿಲನ್ನು ಒಂದೇ ಹೆಜ್ಜೆಗೆ ದಾಟಿ ಒಳಗಿಳಿದರು. ನನಗೆ ಕೂಗಿಬಿಡುವಷ್ಟು ಆನಂದವಾಯಿತು.

ಆದರೆ ಆ ಆನಂದದಲ್ಲಿ ನಮ್ಮವರು ಧಾಟಿಯನ್ನು ಜೋರು ಮಾಡಿಬಿಟ್ಟರು. ಧಾಟಿ ಜೋರಾದಂತೆ ಸಾಹುಕಾರರ ಹೆಜ್ಜೆಯೂ ಜೋರಾಯಿತು. ಹೊರಟರೆ ಓಟವಾಗುವ ರೋಗ ಎಂದು ಮೊದಲೇ ಹೇಳಿದೆನಲ್ಲ. ನಾನು ಹೊರಡಿಸುವುದನ್ನು ಕಲಿಸಿದ್ದೆ, ನಿಲ್ಲಿಸುವುದರ ಪಾಠ ಇನ್ನೂ ಬಂದಿರಲಿಲ್ಲ. ಸಾಹುಕಾರರು ಜಮಖಾನ ದಾಟಿದರು. ಎದ್ದು ಕೈ ಚಾಚಿದ ಬೀಗರನ್ನು ದಾಟಿದರು. ನಡುಮನೆ ದಾಟಿ ಅಡುಗೆಮನೆ ಹೊಕ್ಕರು, ಹೋಳಿಗೆ ಮಾಡುತ್ತಿದ್ದ ಹೆಂಗಸರು ಲಟ್ಟಣಿಗೆ ಬಿಟ್ಟು ಎದ್ದರು. ದೇವರ ಕೋಣೆಯಲ್ಲಿ ಜಪಕ್ಕೆ ಕೂತಿದ್ದ ಮುದುಕಿಯನ್ನು ಒಂದು ಸುತ್ತು ಹಾಕಿ ಹೊರಬಿದ್ದರು. ಹಿಂದೆ ನಾವು, ನಮ್ಮ ಹಿಂದೆ ರುಮಾಲು ಬಿಚ್ಚಿಹೋದ ಬೀಗರು. ನಿಲ್ಲಿಸಿರೆಂದು ನಾನು ಕೈ ಮುಗಿದರೂ ನಮ್ಮ ಹಿರಿಯರು ಕೇಳಲೊಲ್ಲರು, ಸೇರು ಅಳೆದದ್ದೇ ಅಳೆದದ್ದು. ಹಿತ್ತಲಿಗೆ ಬಂದು, ದನದ ಕೊಟ್ಟಿಗೆ ದಾಟಿ, ಜೋಳದ ಚೀಲಗಳ ಅಟ್ಟಿಗೆ ಕೈ ತಗುಲಿ ಸಾಹುಕಾರರು ನಿಂತರು.

ಅಪಮಾನವಾಯಿತೋ, ಸಂಬಂಧ ಮುರಿಯಿತೋ ಎಂದು ನಾನು ಕಣ್ಣು ಮುಚ್ಚಿದೆ. ಸಾಹುಕಾರರು ಮಾತ್ರ ಬಾಯಿ ತೆರೆದಿದ್ದ ಚೀಲದಿಂದ ಒಂದು ಹಿಡಿ ಜೋಳ ತೆಗೆದರು. ನಡುಗುವ ಅಂಗೈಯಲ್ಲಿ ಕಾಳು ತಾವೇ ಕೇರಿಕೊಂಡವು. ಒಂದು ಕಾಳು ಹಲ್ಲಿಗೆ ಹಾಕಿ ಕಡಿದರು. ಆ ಸಣ್ಣ ದನಿ ಕೇಳಲು ಎಲ್ಲರೂ ಹತ್ತಿರ ಸರಿದರು.

"ಮನಿ ಪೂರಾ ನೋಡಿದೆ. ಅಡಗಿಮನಿ ಸ್ವಚ್ಛ ಅದ. ದನಾ ಮೈತುಂಬಿ ಅದಾವ. ಜ್ವಾಳಾ ಚಲೋ ಒಣಗ್ಯಾವ. ಬೀಗರ, ನನ್ನ ಮಗಳನ್ನ ಕೊಟ್ಟೀನಿ."

ಬೀಗರು ಬಿಚ್ಚಿದ ರುಮಾಲನ್ನು ಹೆಗಲಿಗೆ ಹಾಕಿಕೊಂಡು ಹೊಟ್ಟೆ ಹಿಡಿದು ನಗತೊಡಗಿದರು. ಮನೆಗೆ ಮನೆಯೇ ನಕ್ಕಿತು. ಜಪದ ಮುದುಕಿ ಹಿತ್ತಲ ಬಾಗಿಲಿಗೆ ಬಂದು, "ಲಾಭಾ ಅಂತ ಬಂದಾರ, ಇದಕ್ಕಿಂತ ಚಲೋ ಶಕುನ ಯಾವದೋ? ಸಕ್ರಿ ಹಂಚ್ರಿ!" ಎಂದು ಅಪ್ಪಣೆ ಮಾಡಿದಳು. ಸಂಬಂಧ ಗಟ್ಟಿಯಾದ ಗುರುತಿಗೆ ಕೊಟ್ಟಿಗೆಯ ಮುಂದೆಯೇ ಸಕ್ಕರೆ ಹಂಚಿದರು.

ಬೀಗರು ಸಾಹುಕಾರರ ಬಾಯಿಗೆ ಸಕ್ಕರೆ ಹಾಕುತ್ತ, ಕಣ್ಣು ಒರೆಸಿಕೊಂಡು ಕೇಳಿದರು: "ಎಲ್ಲಾ ಖರೆ ಬೀಗರ, ಮನಿ ನೋಡಾಕ ಇಷ್ಟು ಅವಸರ ಯಾಕ ಮಾಡಿದ್ರಿ?"

ಈ ರೋಗದಲ್ಲಿ ಮುಖದ ಮೇಲೆ ನಗು ಕಾಣುವುದಿಲ್ಲ. ಸಾಹುಕಾರರು ಕಲ್ಲಿನಂಥ ಮುಖ ಮಾಡಿಕೊಂಡೇ ಹೇಳಿದರು:

"ಒಂದ ಹೊಸ್ತಿಲ ದಾಟಲಿಲ್ಲಂತ ದುಧನ್ಯಾವರು ಸಿಟ್ಟಾದ್ರಿ. ಅದಕ್ಕ ನಿಮ್ಮ ಮನ್ಯಾಗ ಒಂದೂ ಬಿಡದಂಗ ದಾಟೀನಿ."